ಸುರಪುರದ ದೊರೆ ದಾರಿ ತಪ್ಪಿದ ಹುಡುಗನಲ್ಲ

ಮಾನ್ಯ ಸಂಪಾದಕರೇ,

1857–58ರ ಬಂಡಾಯದ ಮಾತು ಬಂದಾಗಲೆಲ್ಲ ಹಲಗಲಿ, ನರಗುಂದ, ಮುಂಡರಗಿಗಳ ಜೊತೆಗೆ ಸುರಪುರದ ಹೆಸರೂ ಬರುತ್ತದೆ. ಆದರೆ ಅಲ್ಲಿನ ದೊರೆ ರಾಜಾ ವೆಂಕಟಪ್ಪ ನಾಯಕರ ವಿಷಯಕ್ಕೆ ಬಂದ ಕೂಡಲೇ ಬರೆಯುವವರ ಧಾಟಿ ಬದಲಾಗುತ್ತದೆ. ದುಂದುಗಾರ ಯುವಕ, ಸುತ್ತಲಿನವರ ಮಾತು ಕೇಳಿ ಕೆಟ್ಟ ಎಂಬ ಕನಿಕರದ ಒಂದೆರಡು ವಾಕ್ಯಗಳಲ್ಲಿ ಅವರ ಕಥೆ ಮುಗಿದುಹೋಗುತ್ತದೆ. ಇದು ನನಗೆ ಬಹುಕಾಲದಿಂದ ನೋವು ತಂದಿರುವ ಸಂಗತಿ.

ಈ ಚಿತ್ರ ಬಹುಮಟ್ಟಿಗೆ ಬಂದಿರುವುದು ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಬರೆದ ಆತ್ಮಕಥೆಯಿಂದ. ವೆಂಕಟಪ್ಪ ನಾಯಕರ ತಂದೆ ಕೃಷ್ಣಪ್ಪ ನಾಯಕರು ತೀರಿಕೊಂಡ ಬಳಿಕ, ಮಗ ಪ್ರಾಪ್ತ ವಯಸ್ಕನಾಗುವವರೆಗೆ, ಅಂದರೆ 1853ರ ತನಕ, ಸಂಸ್ಥಾನದ ಆಡಳಿತ ಟೇಲರ್ ಕೈಯಲ್ಲಿತ್ತು. ಬಾಲಕ ದೊರೆ ಆತನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದರು. ಆ ಮಮತೆ ಸುಳ್ಳಲ್ಲ. ಆದರೆ ಸಾಕಿದ ಹುಡುಗ ಬ್ರಿಟಿಷ್ ಸರ್ಕಾರದ ವಿರುದ್ಧ ಸ್ವಂತ ಬುದ್ಧಿಯಿಂದ ಕತ್ತಿ ಹಿರಿದ ಎಂದು ಒಪ್ಪಿಕೊಳ್ಳುವುದಕ್ಕಿಂತ, ಯಾರೋ ಕೆಡಿಸಿದರು ಎಂದು ನಂಬುವುದು ಆ ಸರ್ಕಾರದ ಅಧಿಕಾರಿಯೊಬ್ಬನಿಗೆ ಸುಲಭವಾಗಿತ್ತು. ನಾವೂ ಅದನ್ನೇ ನಂಬಬೇಕೇ?

ನಡೆದದ್ದನ್ನು ನೋಡಿದರೆ ಬೇರೆಯೇ ವ್ಯಕ್ತಿ ಕಾಣುತ್ತಾರೆ. ಹಲಗಲಿಯ ಬೇಡರನ್ನು ಗಲ್ಲಿಗೇರಿಸಿ ಇನ್ನೂ ಎರಡು ತಿಂಗಳು ಕಳೆದಿರಲಿಲ್ಲ. ದೊರೆ ಅರಬ್, ರೋಹಿಲ ಕೂಲಿ ಸೈನಿಕರನ್ನು ಪಡೆಗೆ ಸೇರಿಸಿಕೊಳ್ಳುತ್ತಿದ್ದಾರೆಂಬ ಶಂಕೆಯಿಂದ ಬ್ರಿಟಿಷರು ಕ್ಯಾಪ್ಟನ್ ಕ್ಯಾಂಪ್‌ಬೆಲ್‌ನನ್ನು ಸುರಪುರಕ್ಕೆ ಕಳಿಸಿದರು, ಹಿಂದೆಯೇ ಸೈನ್ಯವೂ ಬಂತು. 1858ರ ಫೆಬ್ರುವರಿ 7ರ ರಾತ್ರಿ ಸುರಪುರದವರು ಆ ಸೈನ್ಯದ ಬಿಡಾರದ ಮೇಲೆ ಬಿದ್ದರು. ಮುಂದಿನ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತನು. ಹೆಚ್ಚಿನ ಪಡೆ ಬಂದು ಊರನ್ನು ಸುತ್ತುವರಿದಾಗ ದೊರೆ ಹೈದರಾಬಾದಿನ ದಾರಿ ಹಿಡಿದರು. ಅಲ್ಲಿ ನಿಜಾಮನ ದಿವಾನ ಸಾಲಾರ್ ಜಂಗನು ದೊರೆಯನ್ನು ಬ್ರಿಟಿಷರ ಪ್ರತಿನಿಧಿಯಾದ ರೆಸಿಡೆಂಟನ ವಶಕ್ಕೆ ಒಪ್ಪಿಸಿದನು.

ಸೆರೆಯಲ್ಲಿದ್ದಾಗಿನ ವರ್ತನೆಯನ್ನು ಗಮನಿಸಬೇಕು, ಅದನ್ನು ಬರೆದಿಟ್ಟವನೂ ಟೇಲರನೇ. ರೆಸಿಡೆಂಟನ ಎದುರು ನಿಂತು ಎಲ್ಲವನ್ನೂ ಹೇಳಿ ಪ್ರಾಣಭಿಕ್ಷೆ ಬೇಡಲು ಈ ಯುವಕ ಒಪ್ಪಲಿಲ್ಲ. ಸಾಯಲೇಬೇಕಾದರೆ ಕಳ್ಳನಂತೆ ನೇಣಿಗೇರಿಸಬೇಡಿ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಎಂದು ಕೇಳಿಕೊಂಡರು. ಇತರರ ಮಾತಿಗೆ ಕುಣಿಯುವ ದುರ್ಬಲ ಮನಸ್ಸಿನವರು ಹೀಗೆ ನಡೆದುಕೊಳ್ಳುವುದಿಲ್ಲ. ಅವರಿಗೆ ವಿಧಿಸಿದ್ದ ಮರಣದಂಡನೆ ಮೊದಲು ಗಡೀಪಾರಾಗಿ, ಕೊನೆಗೆ ಗವರ್ನರ್ ಜನರಲ್ ಆದೇಶದಂತೆ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತು. ಮದ್ರಾಸಿನ ಬಳಿಯ ಚೆಂಗಲ್ಪಟ್ಟು ಕೋಟೆಗೆ ಒಯ್ಯುವ ದಾರಿಯಲ್ಲಿ ಕಾವಲು ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಅವರು ಬಲಿಯಾದರು. ಅವರೇ ಹಾರಿಸಿಕೊಂಡರೆಂಬುದು ಬ್ರಿಟಿಷರ ಹೇಳಿಕೆ. ಬ್ರಿಟಿಷರ ಕೈಸೇರಿದ ಸಂಸ್ಥಾನ 1860ರಲ್ಲಿ ನಿಜಾಮನ ಪಾಲಾಯಿತು.

ಔರಂಗಜೇಬನೇ ಸ್ವತಃ ಬಂದು 1705ರಲ್ಲಿ ಮುತ್ತಿದ, ಸುರಪುರದ ದೊರೆಗಳ ಹಿಂದಿನ ನೆಲೆಯಾದ ವಾಗಿನಗೇರಿಯ ವಂಶ ಇದು. ಅದರ ಈ ದೊರೆಯನ್ನು ಅರಿಯಲು ಒಬ್ಬನ ಆತ್ಮಕಥೆಯನ್ನೇ ಇನ್ನೆಷ್ಟು ಕಾಲ ನೆಚ್ಚಿಕೊಳ್ಳುವುದು? ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಹೈದರಾಬಾದ್ ರೆಸಿಡೆನ್ಸಿ ದಾಖಲೆಗಳಲ್ಲಿ ಸುರಪುರಕ್ಕೆ ಸಂಬಂಧಿಸಿದ ಕಡತಗಳನ್ನು ಹುಡುಕಿ, ಕನ್ನಡಕ್ಕೆ ತಂದು, ಶಾಲಾ ಶಿಕ್ಷಕರ ಕೈಗೂ ಎಟಕುವ ಬೆಲೆಯಲ್ಲಿ ಪ್ರಕಟಿಸಬೇಕೆಂದು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

— ನಿವೃತ್ತ ಇತಿಹಾಸ ಶಿಕ್ಷಕ, ಯಾದಗಿರಿ ಜಿಲ್ಲೆ