‘ಬಾರ್ಡರ್ ಖರ್ಚಿ’ನ ಲೆಕ್ಕ ಕೊಡಿ

ಗೆ,
ವ್ಯವಸ್ಥಾಪಕರು, ಯಾತ್ರಾ ವಿಭಾಗ

ವಿಷಯ: ನೇಪಾಳ ಯಾತ್ರೆಯಲ್ಲಿ ರಸೀದಿಯಿಲ್ಲದೆ ವಸೂಲಿ ಮಾಡಿದ ಹಣ, ಗಡಿಯಲ್ಲಿ ಕೊಡಿಸಿದ ಲಂಚ

ಮಾನ್ಯರೇ,

ಫೋನ್ ಮಾಡಿದಾಗಲೆಲ್ಲ “ಮೇಲಿನವರಿಗೆ ಹೇಳ್ತೀವಿ” ಎಂದಿರಿ. ಇನ್ನು ಫೋನ್ ಮಾಡುವುದಿಲ್ಲ. ಉತ್ತರ ಬರವಣಿಗೆಯಲ್ಲೇ ಬೇಕು.

ನಿಯಮ ನಿಮಗೆ ಗೊತ್ತಿರುವುದೇ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಸಾಕು. 65 ದಾಟಿದವರಿಗೂ 15ರೊಳಗಿನ ಮಕ್ಕಳಿಗೂ ವಯಸ್ಸು, ಗುರುತು ತೋರಿಸುವ ಆಧಾರ್‌ನಂಥ ಫೋಟೊ ದಾಖಲೆ ನಡೆಯುತ್ತದೆ. ನೀವು ವಾಟ್ಸಾಪಿನಲ್ಲಿ ಕಳಿಸಿದ ಸೂಚನೆಯಲ್ಲೂ ಇದೇ ಇತ್ತು. ಅದನ್ನು ನಂಬಿ 68 ವರ್ಷದ ನನ್ನ ತಾಯಿ ಆಧಾರ್ ತಂದಿದ್ದರು.

ಗಡಿಯ ನಮ್ಮ ಕಡೆಯ ತಪಾಸಣೆಯಲ್ಲಿ ಅಧಿಕಾರಿ ಆ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, ರಿಜಿಸ್ಟರಿನ ಕೆಳಗೆ ತಳ್ಳಿ, “ನಡೆಯೋಲ್ಲ, ಪಕ್ಕಕ್ಕೆ ನಿಲ್ಲಿ” ಎಂದು ಹಿಂದಿಯಲ್ಲಿ ಗದರಿದರು. ಕಾರಣ ಕೇಳಿದರೆ ಮಾತಿಲ್ಲ. ನಿಮ್ಮ ಟೂರ್ ಮ್ಯಾನೇಜರ್ ಬಂದವರು ನಿಯಮ ಎತ್ತಲೇ ಇಲ್ಲ. “ಅಮ್ಮಾ, ಐನೂರು ಕೊಟ್ಟುಬಿಡಿ, ಬಿಡ್ತಾರೆ” ಎಂದರು. ತಾಯಿ ಐನೂರರ ನೋಟು ತೆಗೆದರೆ, “ಅದು ಬೇಡ, ನೂರರವು ಐದು ಕೊಡಿ.” ರಸೀದಿ ಎಂದೆ. “ಇದಕ್ಕೆಲ್ಲ ರಸೀದಿ ಕೇಳ್ತಾರಾ ಸಾರ್?” ಆಮೇಲೆ ಬಸ್ಸಿನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, “ಇವರೊಬ್ಬರಿಂದ ಲೇಟಾಗ್ತಿದೆ!” ಎಂದು ಕೂಗಿದರು. ತಪ್ಪು ಮಾಡಿದವರಂತೆ ತಾಯಿ ತಲೆ ತಗ್ಗಿಸಿ, ಸೊಂಟದ ಚೀಲದಿಂದ ನೋಟು ಎಣಿಸಿ ಕೊಟ್ಟರು. ರಿಜಿಸ್ಟರಿನ ಕೆಳಗಿದ್ದ ಆಧಾರ್ ಆ ಕ್ಷಣವೇ ವಾಪಸ್ಸು ಬಂತು. ಕಾರ್ಡು ಅದೇ, ನಿಯಮವೂ ಅದೇ.

ಇನ್ನು ಬಸ್ಸಿನಲ್ಲಿ ತಲಾ 800ರಂತೆ ಎತ್ತಿದ ‘ಬಾರ್ಡರ್ ಖರ್ಚು’. ವಾಹನದ ಭನ್ಸಾರ್‌ಗೆ (ನೇಪಾಳದ ಕಸ್ಟಮ್ಸ್ ಶುಲ್ಕ), ಯಾತಾಯಾತ್ ಪರ್ಮಿಟ್‌ಗೆ (ಅಲ್ಲಿ ವಾಹನ ಓಡಿಸುವ ಸಾರಿಗೆ ಪರವಾನಗಿ) ಎಂದಿರಿ. ಎರಡಕ್ಕೂ ಸರ್ಕಾರಿ ರಸೀದಿ ಇರುತ್ತದೆ. ಭನ್ಸಾರ್ ಶುಲ್ಕ ದಿನದ ಲೆಕ್ಕ, ಮೊತ್ತ ನೇಪಾಳಿ ರೂಪಾಯಿಯಲ್ಲಿ. 1993ರಿಂದ ನಮ್ಮ 1 ರೂಪಾಯಿಗೆ ಅವರ 1.60 ಎಂಬ ದರ ಬದಲಾಗಿಲ್ಲ. ಅಂದರೆ ರಸೀದಿಯಲ್ಲಿ 1,600 ಇದ್ದರೆ ನಾವು ಕೊಡಬೇಕಾದ್ದು 1,000. ದಲ್ಲಾಳಿಗಳು ಮೊದಲು ನುಂಗುವುದು ಈ ವ್ಯತ್ಯಾಸವನ್ನೇ. ಎರಡನೆಯ ಮೋಸ ದಿನಗಳ ಲೆಕ್ಕದಲ್ಲಿ. ರಸೀದಿಯ ತಾರೀಖು ನೇಪಾಳದ ವಿಕ್ರಮ ಸಂವತ್ ಪಂಚಾಂಗದ್ದು, ನಮ್ಮ ಇಸವಿಗಿಂತ ಸುಮಾರು 57 ವರ್ಷ ಮುಂದೆ, ಅಂಕಿಗಳು ದೇವನಾಗರಿಯಲ್ಲಿ. ಯಾತ್ರಿಕರಿಗೆ ಅದು ಓದಲು ಬರುವುದಿಲ್ಲ. ದಿನ ಕಡಿಮೆ ಬರೆಸಿ ಪೂರ್ತಿ ಹಣ ಎತ್ತಿದರೆ, ವಾಪಸ್ಸು ಬರುವಾಗ ದಂಡದ ಹೆಸರಲ್ಲಿ ಇನ್ನೊಂದು ಸುತ್ತು ವಸೂಲಿ. ಅದಕ್ಕೇ ರಸೀದಿ ಕೇಳಿದ್ದು. ಈವರೆಗೆ ತೋರಿಸಿಲ್ಲ.

ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ತಿಳಿಸಬೇಕು. ಅಧಿಕಾರಿಯ ಕೈ ಬಿಸಿ ಮಾಡಿ ನಿಮ್ಮ ಬಸ್ಸಿನ ಟೈಮ್ ಉಳಿಸಿಕೊಂಡಿರಿ, ಅಪರಾಧದ ಭಾರ ನನ್ನ ತಾಯಿಯ ತಲೆಗೆ ಕಟ್ಟಿದಿರಿ. ಆ ಅವಧಿಯೊಳಗೇ, ಯಾತ್ರೆಯಲ್ಲಿದ್ದಾಗಲೇ, ಇಮೇಲ್‌ನಲ್ಲಿ ದೂರು ಕೊಟ್ಟಿದ್ದೇವೆ. ಅದರಲ್ಲಿ ನಿಮ್ಮ ಮ್ಯಾನೇಜರ್ ಹೆಸರಿದೆ. ಅದೇ ಕಾಯ್ದೆಯ 9ನೇ ಸೆಕ್ಷನ್ ಸಂಸ್ಥೆಯನ್ನೂ ಹೊಣೆ ಮಾಡುತ್ತದೆ ಎಂಬುದನ್ನು ನಿಮ್ಮ ವಕೀಲರಿಂದ ಓದಿಸಿಕೊಳ್ಳಿ.

15 ದಿನದೊಳಗೆ ಎರಡೂ ರಸೀದಿಗಳ ಪ್ರತಿ, ಉಳಿದ ಹಣ, ತಾಯಿಗೆ ಲಿಖಿತ ಕ್ಷಮೆ ಬರಬೇಕು. ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ, 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ಅದೇ ಬಸ್ಸಿನಲ್ಲಿದ್ದ ಉಳಿದ ಯಾತ್ರಿಕರೂ ಸಹಿ ಹಾಕಲು ಒಪ್ಪಿದ್ದಾರೆ.

ಇಂತಿ,
ಸೀಟ್ 14, 15ರ ಪ್ರಯಾಣಿಕರು