ಇಲಿ ಪಾಷಾಣ ಬಿಡಿ ಮಾರಾಟ ನಿಲ್ಲಲಿ

ಮಾನ್ಯ ಸಂಪಾದಕರೇ,

ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಭತ್ತ ತೆನೆ ಕಟ್ಟುವ ಹೊತ್ತಿಗೆ ಇಲಿ ಕಾಟ ಜೋರಾಗುತ್ತದೆ. ಆಗ ನಮ್ಮ ಕಾರಟಗಿ ಕಡೆ ಕೆಲವು ಗೊಬ್ಬರದಂಗಡಿಗಳಲ್ಲಿ ಇಲಿ ಪಾಷಾಣವನ್ನು ಹಳೇ ಪೇಪರಿನಲ್ಲಿ ಕಟ್ಟಿ ಬಿಡಿಯಾಗಿ ಕೊಡುತ್ತಾರೆ. ಯಾವುದಿದು ಎಂದರೆ "ಚಲೋದೈತಿ, ಒಯ್ರಿ" ಅಷ್ಟೇ.

ಯಾವುದು ಎನ್ನುವುದೇ ಇಲ್ಲಿ ಮುಖ್ಯ. ಜಿಂಕ್ ಫಾಸ್ಫೈಡ್ ಬೂದುಗಪ್ಪು ಪುಡಿ. ತಿಂದ ಇಲಿ ಬೇಗ ಸಾಯುತ್ತದೆ, ಉಳಿದವು ಹುಷಾರಾಗಿ ಆ ತಿಂಡಿಯನ್ನು ಮೂಸುವುದೂ ಇಲ್ಲ. ಬ್ರೊಮಾಡಿಯೋಲೋನ್ ಹಾಗಲ್ಲ. ಇದು ಬ್ರೋಮಿನ್ ಸೇರಿದ ಸಾವಯವ ರಾಸಾಯನಿಕ, ನೀರಿನಲ್ಲಿ ಕರಗುವುದು ತೀರಾ ಕಡಿಮೆ. ವಿಟಮಿನ್ ಕೆ ಕೆಲಸವನ್ನು ತಡೆದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಇಲಿ ಸಾಯಲು ಕೆಲವು ದಿನ ಬೇಕು, ಹಾಗಾಗಿ ಉಳಿದವಕ್ಕೆ ಅನುಮಾನವೇ ಬರುವುದಿಲ್ಲ. ಈ ಜಾತಿಯ ವಿಷದ ಮೂಲ ಗೊತ್ತಾಗಿದ್ದು ದನಗಳಿಂದ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಷ್ಟು ಹಿಡಿದ ಮೇವು ತಿಂದ ದನಗಳು ರಕ್ತ ಸೋರಿ ಸತ್ತಿದ್ದವು.

ಹದ ಇಷ್ಟೇ: 96 ಭಾಗ ನುಚ್ಚಕ್ಕಿ, 2 ಭಾಗ ಎಣ್ಣೆ, 2 ಭಾಗ ಶೇ 0.25ರ ಬ್ರೊಮಾಡಿಯೋಲೋನ್ ಪುಡಿ. ಮೊದಲು ಬಿಲಗಳನ್ನೆಲ್ಲ ಮಣ್ಣಿನಿಂದ ಮುಚ್ಚಬೇಕು. ಮರುದಿನ ಯಾವುದು ತೆರೆದಿದೆಯೋ ಅದರಲ್ಲಷ್ಟೇ ಪೊಟ್ಟಣ ಇಳಿಸಬೇಕು. ನಮ್ಮಲ್ಲಿ ಸುಮ್ನೆ ಬದುವಿನ ಮೇಲೆ ಚೆಲ್ಲಿ ಬರುವವರೇ ಜಾಸ್ತಿ. ಅದನ್ನು ಕೋಳಿ ತಿನ್ನುತ್ತದೆ, ನಾಯಿ ತಿನ್ನುತ್ತದೆ. ವಿಷ ತಿಂದು ಮಂಕಾದ ಇಲಿಯನ್ನು ಹಿಡಿದ ಗೂಬೆಗೂ ಅಪಾಯ. ಪುಕ್ಕಟೆ ಇಲಿ ಹಿಡಿಯುವ ಹಕ್ಕಿಯನ್ನೇ ಕೊಂದುಕೊಂಡಂತೆ ಅಲ್ವಾ?

ಮಕ್ಕಳು ಗೊತ್ತಿಲ್ಲದೆ ಬ್ರೊಮಾಡಿಯೋಲೋನ್ ಬಾಯಿಗೆ ಹಾಕಿಕೊಂಡರೆ ಮೊದಲ ಒಂದೆರಡು ದಿನ ಆರಾಮಾಗಿಯೇ ಕಾಣಬಹುದು. ಆಮೇಲೆ ಒಸಡಿನಲ್ಲಿ, ಮೂಗಿನಲ್ಲಿ ರಕ್ತ. ಏನೂ ಆಗಿಲ್ಲ ಎಂದು ಮನೆಯಲ್ಲಿ ಕೂರುವಂತಿಲ್ಲ. ಬ್ರೊಮಾಡಿಯೋಲೋನ್‌ಗೆ ವಿಟಮಿನ್ ಕೆ1 ಎಂಬ ಪ್ರತಿವಿಷವಿದೆ. ಆದರೆ ವಿಷ ಯಕೃತ್ತಿನಲ್ಲಿ ಬಹಳ ದಿನ ಉಳಿಯುವುದರಿಂದ ಚಿಕಿತ್ಸೆ ವಾರಗಟ್ಟಲೆ ಬೇಕಾಗಬಹುದು. ಜಿಂಕ್ ಫಾಸ್ಫೈಡ್‌ಗೆ ಪ್ರತಿವಿಷವೇ ಇಲ್ಲ, ಅದರ ಚಿಕಿತ್ಸೆಯೇ ಬೇರೆ. ಹಳೇ ಪೇಪರಿನ ಪೊಟ್ಟಣ ಹಿಡಿದು ಓಡಿದರೆ ಡಾಕ್ಟರು ಏನಂತ ಓದಬೇಕು?

1968ರ ಕೀಟನಾಶಕ ಕಾಯ್ದೆಯಡಿ ಲೇಬಲ್ ಇಲ್ಲದೆ ಇಂಥದ್ದನ್ನು ಮಾರುವಂತಿಲ್ಲ. ವಿಷದ ಲಕ್ಷಣ, ಪ್ರತಿವಿಷ ಬರೆದ ಚೀಟಿಯೂ ಜೊತೆಗಿರಬೇಕು. ಕೃಷಿ ಇಲಾಖೆಯವರು ಈ ಹಂಗಾಮಿನಲ್ಲೇ ಅಂಗಡಿಗಳನ್ನು ತಪಾಸಣೆ ಮಾಡಲಿ. ಎರಡೂ ಪಾಷಾಣಗಳ ಹೆಸರು, ಪ್ರಥಮ ಚಿಕಿತ್ಸೆ ಬರೆದ ಬೋರ್ಡನ್ನು ಪ್ರತಿ ರೈತ ಸಂಪರ್ಕ ಕೇಂದ್ರದಲ್ಲಿ ತೂಗುಹಾಕಲಿ.

— ಭತ್ತದ ರೈತ, ಕಾರಟಗಿ, ಕೊಪ್ಪಳ ಜಿಲ್ಲೆ