ರಾತ್ರಿ ಬ್ಲೋವರ್ ನಿಲ್ಲಿಸಬೇಡಿ: ನಗರಸಭೆಯ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ವಿದ್ಯುತ್ ಬಿಲ್ಲಿನ ಹೊರೆ ಇಳಿಸಲು ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಗಾಳಿ ಊದುವ ಯಂತ್ರಗಳಾದ ಬ್ಲೋವರ್‌ಗಳನ್ನು ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ನಿಲ್ಲಿಸುವ ಪ್ರಸ್ತಾವ ತಮ್ಮ ಮುಂದಿದೆ. ದಯವಿಟ್ಟು ಅದಕ್ಕೆ ಸಹಿ ಹಾಕಬೇಡಿ. ಇಂಥದ್ದೇ ಘಟಕವೊಂದರಲ್ಲಿ ಬಹಳ ವರ್ಷ ರಾತ್ರಿ ಪಾಳಿ ಮಾಡಿದವನು ನಾನು.

ಬಿಲ್ಲು ದೊಡ್ಡದೆಂಬುದು ನಿಜ. ಘಟಕದ ವಿದ್ಯುತ್ತಿನಲ್ಲಿ ಸಾಮಾನ್ಯವಾಗಿ ಅರ್ಧ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಗಾಳಿ ಊದುವುದಕ್ಕೇ ಹೋಗುತ್ತದೆ. ಆದರೆ ಗಾಳಿ ಊದುವ ತೊಟ್ಟಿಯ, ಅಂದರೆ ಏರೇಷನ್ ಟ್ಯಾಂಕಿನ ಆ ಕಂದು ನೀರು ಬರಿಯ ಕೆಸರಲ್ಲ, ಉಸಿರಾಡುವ ಬ್ಯಾಕ್ಟೀರಿಯಾಗಳ ದೊಡ್ಡ ಹಿಂಡು. ಗಾಳಿ ಊದಿದ ಕೆಸರನ್ನು ಚೆಲ್ಲದೆ ಉಳಿಸಿಕೊಂಡು ಹೊಸ ಕೊಳಚೆಗೆ ಬೆರೆಸುತ್ತ ಹೋದರೆ ವಾರಗಟ್ಟಲೆ ಹಿಡಿಯುವ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆಂದು 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸಂಶೋಧಕರಾದ ಆರ್ಡರ್ನ್ ಮತ್ತು ಲಾಕೆಟ್ ತೋರಿಸಿಕೊಟ್ಟರು. ಇಂದಿಗೂ ಘಟಕಗಳು ನಡೆಯುತ್ತಿರುವುದು ಅದೇ ಹಿಂಡನ್ನು ಸಾಕಿಕೊಂಡು.

ನದಿಯ ಲೆಕ್ಕ ನೋಡಿ. ಒಂದು ಲೀಟರ್ ಹಸಿ ಕೊಳಚೆ ಕೊಳೆಯಲು ಸುಮಾರು 250 ಮಿಲಿಗ್ರಾಂ ಆಮ್ಲಜನಕ ಬೇಡುತ್ತದೆ; ಇದನ್ನೇ ಬಿಒಡಿ ಎನ್ನುತ್ತೇವೆ. ಒಂದು ಲೀಟರ್ ಒಳ್ಳೆಯ ಹೊಳೆನೀರಿನಲ್ಲಿ ಕರಗಿರುವುದು ಎಂಟು ಮಿಲಿಗ್ರಾಂ ಆಸುಪಾಸು. ಅಂದರೆ ಒಂದು ಲೀಟರ್ ಕೊಳಚೆ ಮೂವತ್ತು ಲೀಟರ್ ಹೊಳೆನೀರಿನ ಉಸಿರನ್ನು ಪೂರ್ತಿ ಹೀರಬಲ್ಲದು. ಬಹಳಷ್ಟು ಮೀನುಗಳಿಗೆ ನಾಲ್ಕೈದು ಮಿಲಿಗ್ರಾಂಗಿಂತ ಕೆಳಗಿಳಿದರೆ ಬದುಕು ಕಷ್ಟ. ಹೊಳೆಯಲ್ಲಿ ನಡೆಯಬಹುದಾದ ಈ ಉಸಿರಾಟವನ್ನೆಲ್ಲ ಒಂದು ಕಾಂಕ್ರೀಟ್ ತೊಟ್ಟಿಯೊಳಗೇ ಮಾಡಿಸಿ ಮುಗಿಸುವುದು ಘಟಕದ ಕೆಲಸ.

ರಾತ್ರಿ ಕೊಳಚೆಯ ಹರಿವು ಕಡಿಮೆ, ಹಾಗಾಗಿ ನಿಲ್ಲಿಸಬಹುದು ಎಂಬುದು ಪ್ರಸ್ತಾವದ ವಾದ. ಹರಿವು ಕಡಿಮೆಯಾದರೂ ಬ್ಯಾಕ್ಟೀರಿಯಾಗಳು ಉಸಿರಾಡುವುದನ್ನು ಬಿಡುವುದಿಲ್ಲ. ಗಾಳಿ ನಿಂತ ಕೆಲವೇ ನಿಮಿಷಗಳಲ್ಲಿ ತೊಟ್ಟಿಯ ಆಮ್ಲಜನಕ ಬರಿದಾಗುತ್ತದೆ. ಒಮ್ಮೆ ನಮ್ಮ ಪಾಳಿಯಲ್ಲಿ ಕರೆಂಟ್ ಹೋಗಿ, ಜನರೇಟರಿಗೆ ಡೀಸೆಲ್ ಇಲ್ಲದೆ, ಇಡೀ ರಾತ್ರಿ ತೊಟ್ಟಿ ಅಲುಗಾಡದೆ ನಿಂತಿತ್ತು. ನಸುಕಿಗೆ ಕೊಳೆತ ಮೊಟ್ಟೆಯ ವಾಸನೆ, ಕೆಸರು ತಳಕ್ಕಿಳಿಯಬೇಕಾದ ತೊಟ್ಟಿಯ, ಅಂದರೆ ಕ್ಲಾರಿಫೈಯರಿನ, ಮೇಲೆ ತೇಲುವ ಕೆಸರಿನ ಹೆಂಟೆಗಳು. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳು ಎಲ್ಲಕ್ಕಿಂತ ನಿಧಾನವಾಗಿ ಬೆಳೆಯುವವು. ಅವು ಮತ್ತೆ ಚೇತರಿಸಿಕೊಳ್ಳಲು ವಾರಗಳೇ ಹಿಡಿದವು. ಅಮೋನಿಯಾ ಮೀನಿಗೆ ವಿಷ.

ನನಗೆ ಎಲ್ಲಕ್ಕಿಂತ ಆತಂಕ ಆ ವೇಳೆಯ ಬಗ್ಗೆಯೇ. ಹಗಲಲ್ಲಿ ಪಾಚಿ ಮತ್ತು ನೀರಗಿಡಗಳು ಬಿಸಿಲಿನಲ್ಲಿ ನದಿಗೆ ಆಮ್ಲಜನಕ ಕೊಡುತ್ತವೆ. ಕತ್ತಲಾದ ಮೇಲೆ ಅವೂ ಬಳಸುವವರ ಸಾಲಿಗೆ ಸೇರುತ್ತವೆ. ಸೂರ್ಯ ಹುಟ್ಟುವ ಮುಂಚಿನ ಗಳಿಗೆಯಲ್ಲಿ ನದಿಯ ಉಸಿರು ದಿನದಲ್ಲೇ ಅತಿ ಕಡಿಮೆ. ಸರಿಯಾಗಿ ಆಗಲೇ ನಾವು ಅರೆಬರೆ ಶುದ್ಧವಾದ ನೀರನ್ನು ಬಿಡಲಿದ್ದೇವೆ. ಬೆಳಿಗ್ಗೆ ಹನ್ನೊಂದಕ್ಕೆ ತೆಗೆದ ಒಂದು ಬಾಟಲಿ ಮಾದರಿಯಲ್ಲಿ ಇದು ಕಾಣಿಸದೆಯೂ ಹೋಗಬಹುದು.

ಬ್ಲೋವರನ್ನು ಆಗಾಗ ಸ್ವಲ್ಪ ಹೊತ್ತು ನಿಲ್ಲಿಸಿ ಓಡಿಸುವ ಪದ್ಧತಿಯೂ ಇದೆ, ನೈಟ್ರೋಜನ್ ತೆಗೆಯಲು ಅದು ಒಳ್ಳೆಯದೇ. ಆದರೆ ಅದು ಮೀಟರ್ ನೋಡಿಕೊಂಡು ಮಾಡುವ ಕೆಲಸ, ಆರು ಗಂಟೆ ಸ್ವಿಚ್ ಆರಿಸಿ ಮಲಗುವುದಲ್ಲ. ಉಳಿತಾಯವೇ ಬೇಕಿದ್ದರೆ ತೊಟ್ಟಿಗೆ ಕರಗಿದ ಆಮ್ಲಜನಕ ಅಳೆಯುವ ಮೀಟರ್ ಹಾಕಿಸಿ, ಅದು ಲೀಟರಿಗೆ ಎರಡು ಮಿಲಿಗ್ರಾಂ ಆಸುಪಾಸಿನಲ್ಲಿ ನಿಲ್ಲುವಂತೆ ಬ್ಲೋವರಿನ ವೇಗವನ್ನು ಏರಿಳಿಸುವ ಡ್ರೈವ್ ಅಳವಡಿಸಿ. ತೊಟ್ಟಿಯ ತಳದಲ್ಲಿ ಗಾಳಿಯನ್ನು ಗುಳ್ಳೆಗಳಾಗಿ ಬಿಡುವ, ಈಗ ಕಟ್ಟಿಕೊಂಡ ಡಿಫ್ಯೂಸರ್‌ಗಳನ್ನು ಸ್ವಚ್ಛ ಮಾಡಿಸಿ. ರಾತ್ರಿ ಹರಿವು ಇಳಿದಂತೆ ವಿದ್ಯುತ್ತೂ ತಾನಾಗಿ ಇಳಿಯುತ್ತದೆ, ಹಿಂಡೂ ಬದುಕುತ್ತದೆ.

ನಿರ್ಧರಿಸುವ ಮೊದಲು ಒಂದು ದಿನ ನಸುಕಿನ ಐದಕ್ಕೆ, ಘಟಕದ ನೀರು ನದಿಗೆ ಬೀಳುವ ಜಾಗಕ್ಕೆ ಬನ್ನಿ. ಮೀಟರ್ ನಾನು ತರುತ್ತೇನೆ. ಕೊಳವೆಯ ಮೇಲ್ಗಡೆ ಒಮ್ಮೆ, ಕೆಳಗಡೆ ಒಮ್ಮೆ ಅದ್ದಿ ತಾವೇ ಓದಿ ನೋಡಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಘಟಕ ನಿರ್ವಾಹಕ